ಬೆಂಗಳೂರಿನಲ್ಲಿ ರೂಮು ಎಲ್ಲಿ ಮಾಡೋಣ?

ಪ್ರಶ್ನೆ: ಮೊದಲ ಸಲ ಬೆಂಗಳೂರಿಗೆ ಬರುತ್ತಿದ್ದೇವೆ. ಊರು ನೋಡಲು ದಕ್ಷಿಣ ಬೆಂಗಳೂರಿನಲ್ಲಿ ಎಲ್ಲಿ ಉಳಿದರೆ ಅನುಕೂಲ?

ಉತ್ತರ: ಜಯನಗರ ಅಥವಾ ಆರ್.ವಿ. ರಸ್ತೆ ಮೆಟ್ರೊ ನಿಲ್ದಾಣಕ್ಕೆ ನಡೆದು ಹೋಗುವಷ್ಟು ಹತ್ತಿರದಲ್ಲಿ ರೂಮು ಮಾಡಿ. ಲಾಲ್‌ಬಾಗ್, ಗಾಂಧಿ ಬಜಾರಿಗೆ ಹತ್ತಿರದ ನ್ಯಾಷನಲ್ ಕಾಲೇಜು, ಕೆ.ಆರ್. ಮಾರುಕಟ್ಟೆ, ಮೆಜೆಸ್ಟಿಕ್ ಎಲ್ಲವೂ ಅದೇ ಹಸಿರು ಮಾರ್ಗದಲ್ಲಿವೆ. ಮೆಜೆಸ್ಟಿಕ್‌ನಲ್ಲಿ ನೇರಳೆ ಮಾರ್ಗ ಹಿಡಿದರೆ ವಿಧಾನಸೌಧ. ಬನಶಂಕರಿ, ಜೆ.ಪಿ. ನಗರ ನಿಲ್ದಾಣಗಳೂ ಹಸಿರು ಮಾರ್ಗದವೇ. ಬಿಟಿಎಂ ಲೇಔಟ್‌ಗೆ 2025ರ ಆಗಸ್ಟ್‌ನಿಂದ ಹಳದಿ ಮಾರ್ಗವಿದೆ, ಆದರೆ ಆರ್.ವಿ. ರಸ್ತೆಯಲ್ಲಿ ರೈಲು ಬದಲಿಸಬೇಕು. ವಿಳಾಸದಲ್ಲಿ ಬಡಾವಣೆಯ ಹೆಸರಷ್ಟೇ ನೋಡಿ ನಂಬಬೇಡಿ. ಜೆ.ಪಿ. ನಗರದ 8ನೇ ಹಂತ ಅದೇ ಹೆಸರಿನ ನಿಲ್ದಾಣದಿಂದ ಬಹಳ ದೂರ. ಮುಂಗಡ ಕೊಡುವ ಮೊದಲು ನಿಲ್ದಾಣಕ್ಕೆ ನಡಿಗೆಯಲ್ಲಿ ಎಷ್ಟು ನಿಮಿಷ ಎಂದು ಕೇಳಿಕೊಳ್ಳಿ.