ವೇಲೂರಿನಲ್ಲಿ ಪಾಠ ಕಲಿತ ಶಸ್ತ್ರವೈದ್ಯರು

ಸಿರಿವಂತ ದೇಶಗಳ ಶಸ್ತ್ರವೈದ್ಯರು ಕೆಲವು ವರ್ಷಗಳಾದರೂ ಬಡದೇಶಗಳಲ್ಲಿ ಕೆಲಸ ಮಾಡಬೇಕೆಂದರೆ, ಅದೊಂದು ದಾನಧರ್ಮದ ಮಾತೆಂದೇ ನಮ್ಮಲ್ಲಿ ಅನೇಕರು ತಿಳಿಯುವರು. ಕೊಡುವವನು ವೈದ್ಯ, ಪಡೆಯುವವನು ರೋಗಿ ಎಂಬುದು ರೂಢಿಯ ಎಣಿಕೆ. ಇದು ಅರ್ಧಸತ್ಯವೆಂದು ತೋರಿಸುವ ವೃತ್ತಾಂತವೊಂದು ನಮ್ಮ ನೆರೆಯ ತಮಿಳುನಾಡಿನಲ್ಲಿಯೇ ನಡೆದಿದೆ.

ಡಾಕ್ಟರ್ ಪಾಲ್ ಬ್ರ್ಯಾಂಡ್ ಎಂಬವರು 1914ರಲ್ಲಿ ಕೊಲ್ಲಿಮಲೆಯಲ್ಲಿ ಪಾದ್ರಿಯೊಬ್ಬರ ಮಗನಾಗಿ ಹುಟ್ಟಿದರು. ಲಂಡನ್ನಿನಲ್ಲಿ ಶಸ್ತ್ರವೈದ್ಯವನ್ನು ಕಲಿತು 1946ರಲ್ಲಿ ವೇಲೂರಿನ ಕ್ರಿಶ್ಚಿಯನ್ ಮೆಡಿಕಲ್ ಕಾಲೇಜಿಗೆ ಬಂದರು. ಮರುವರ್ಷ ಚೆಂಗಲ್ಪಟ್ಟಿನ ಕುಷ್ಠರೋಗಿಗಳ ಆಶ್ರಮಕ್ಕೆ ಹೋದಾಗ, ಬೆರಳುಗಳು ಹದ್ದಿನ ಕಾಲಿನಂತೆ ಮುದುಡಿಹೋಗಿದ್ದ ಒಬ್ಬನ ಕೈಯಲ್ಲಿ ತಮ್ಮ ಕೈಯನ್ನಿಟ್ಟು ಹಿಡಿಯೆಂದರು. ಕೆಲಸಕ್ಕೆ ಬಾರದೆಂದು ಎಲ್ಲರೂ ಎಣಿಸಿದ್ದ ಆ ಕೈ, ಇವರಿಗೆ ನೋವಾಗುವಷ್ಟು ಬಲವಾಗಿ ಹಿಡಿಯಿತು! ಹಾಗಾದರೆ ಮುಂದೋಳಿನ ಕೆಲವು ಸ್ನಾಯುಗಳು ಇನ್ನೂ ಗಟ್ಟಿಯಾಗಿರಬೇಕು. ಅವುಗಳ ರಜ್ಜುಗಳನ್ನು ಬಿಡಿಸಿ ಸೋತ ಬೆರಳುಗಳಿಗೆ ಜೋಡಿಸಿದರೆ ಕೈ ಮತ್ತೆ ಬಿಚ್ಚಿಕೊಳ್ಳಲಾರದೆ? ಅವರು ಹಾಗೆಯೇ ಮಾಡಿದರು. ಮಡಿಚಿದ ಕೈಗಳು ತೆರೆದುಕೊಂಡವು. ಲಂಡನ್ನಿನಲ್ಲಿಯೇ ಉಳಿದಿದ್ದರೆ ಅಂತಹ ಕೈಯನ್ನು ಅವರು ಜೀವಮಾನದಲ್ಲಿ ಒಂದೆರಡು ಸಲ ಕಂಡಿದ್ದರೆ ಹೆಚ್ಚು. ಇಲ್ಲಿ ದಿನದಿನವೂ ಕಂಡರು.

ಇದಕ್ಕಿಂತಲೂ ದೊಡ್ಡ ಪಾಠವನ್ನು ಕಲಿಸಿದವನು ಒಬ್ಬ ಪುಟ್ಟ ಹುಡುಗ. ತುಕ್ಕು ಹಿಡಿದ ಬೀಗವೊಂದು ವೈದ್ಯರಿಗೆ ಜಗ್ಗಲಿಲ್ಲ. ಹತ್ತಿರವಿದ್ದ ಹತ್ತು ವರ್ಷದ ರೋಗಿ ಬೀಗದ ಕೈಯನ್ನು ಥಟ್ಟನೆ ತಿರುಗಿಸಿಬಿಟ್ಟನು. ಆಮೇಲೆ ನೋಡಿದರೆ ಅವನ ಬೆರಳು ಎಲುಬು ಕಾಣುವಂತೆ ಸೀಳಿಹೋಗಿತ್ತು. ಹುಡುಗನಿಗೆ ಅದರ ಅರಿವೇ ಇರಲಿಲ್ಲ. ಕುಷ್ಠವು ಬೆರಳುಗಳನ್ನು ತಾನಾಗಿ ಕೊಳೆಯಿಸುವುದೆಂದು ಅದುವರೆಗೆ ಜನರು ಮಾತ್ರವಲ್ಲ, ಬಹುಮಂದಿ ವೈದ್ಯರೂ ನಂಬಿದ್ದರು. ಬ್ರ್ಯಾಂಡರು ಪ್ರತಿಯೊಂದು ಗಾಯದ ಮೂಲವನ್ನೂ ಹುಡುಕತೊಡಗಿದರು. ಬಿಸಿ ಪಾತ್ರೆ, ಒರಟು ಹಿಡಿಕೆ, ಕಚ್ಚುವ ಚಪ್ಪಲಿ, ರಾತ್ರಿ ಮಲಗಿದಾಗ ಕಡಿಯುವ ಇಲಿ! ಬೆರಳನ್ನು ತಿಂದುದು ರೋಗವಲ್ಲ, ನೋವನ್ನು ಅರಿಯಲಾರದ ಸ್ಥಿತಿ. ಇಲಿಗೆ ಮದ್ದೇನು? ಮನೆಗೆ ಹೊರಟ ರೋಗಿಗಳಿಗೆ ಬೆಕ್ಕುಗಳನ್ನು ಕೊಟ್ಟು ಕಳುಹಿಸಿದರಂತೆ. ಯಾವ ವೈದ್ಯಶಾಲೆಯಲ್ಲಿ ಇಂತಹ ಔಷಧವನ್ನು ಬರೆದುಕೊಡುವರು!

ಇಲ್ಲಿ ಒಂದು ಮಾತನ್ನು ನಾವು ಹೇಳಲೇಬೇಕು. ಬಡವನ ಮೈ ಹೊಸಬನ ಅಭ್ಯಾಸದ ಹಲಗೆಯಲ್ಲ. ತನ್ನ ಊರಿನಲ್ಲಿ ಮಾಡಲು ಅನುಮತಿಯಿಲ್ಲದ ಶಸ್ತ್ರಕ್ರಿಯೆಯನ್ನು ಪರದೇಶದಲ್ಲಿ ಕೈಪಳಗಲೆಂದು ಮಾಡಿ, ಹೊಲಿಗೆ ಬಿಚ್ಚುವ ಮೊದಲೇ ವಿಮಾನವೇರುವವನಿಂದ ಯಾರಿಗೂ ಹಿತವಿಲ್ಲ. ಬ್ರ್ಯಾಂಡರು ಕಲಿತದ್ದು ಸುಮಾರು ಇಪ್ಪತ್ತು ವರ್ಷ ಇಲ್ಲಿಯೇ ನಿಂತು, ಅದೇ ರೋಗಿಯ ಅದೇ ಕೈಯನ್ನು ಮತ್ತೆ ಮತ್ತೆ ನೋಡಿದುದರಿಂದ.

ಅವರು 1966ರಲ್ಲಿ ಅಮೆರಿಕದ ಲೂಯಿಸಿಯಾನ ಸಂಸ್ಥಾನದ ಕಾರ್ವಿಲ್ ಆಸ್ಪತ್ರೆಗೆ ಹೋದರು. ಅಲ್ಲಿ ಸಕ್ಕರೆ ಕಾಯಿಲೆಯವರ ಪಾದದ ಹುಣ್ಣುಗಳನ್ನು ಕಂಡಾಗ, ವೇಲೂರಿನಲ್ಲಿ ಕಂಡದ್ದನ್ನೇ ಮತ್ತೆ ಕಂಡಂತಾಯಿತು. ಇಲ್ಲಿಯೂ ನರಗಳು ಜಡವಾಗಿ, ನೋವಿಲ್ಲದ ಕಾಲು ತನ್ನ ಗಾಯದ ಮೇಲೆಯೇ ನಡೆಯುತ್ತಿತ್ತು. ಹುಣ್ಣಿಗೆ ಭಾರ ಬೀಳದಂತೆ ಪಾದಕ್ಕೆ ಪ್ಲಾಸ್ಟರ್ ಕಟ್ಟುವ ವಿಧಾನವನ್ನು ಭಾರತದ ಕುಷ್ಠಚಿಕಿತ್ಸೆಯಿಂದ ಅಲ್ಲಿಗೆ ಒಯ್ದರು. ಹದವಾದ ಪಾದರಕ್ಷೆಗಳನ್ನು ಮಾಡಿಸಿದರು. ನೈಲಾನಿನ ಎಳೆಯೊಂದನ್ನು ಅಂಗಾಲಿಗೆ ಒತ್ತಿ ಸ್ಪರ್ಶ ತಿಳಿಯುವುದೇ ಎಂದು ನೋಡುವ ಸುಲಭ ಪರೀಕ್ಷೆಯೂ ಕಾರ್ವಿಲ್ಲಿನಲ್ಲಿ ಬೆಳೆಯಿತು. ಮನೆಯಲ್ಲಿ ಸಕ್ಕರೆ ಕಾಯಿಲೆಯ ಹಿರಿಯರಿರುವ ವಾಚಕರು, ವೈದ್ಯರು ಅಂತಹ ಎಳೆಯನ್ನು ಹಿಡಿದು ಕಾಲನ್ನು ಮುಟ್ಟಿ ಕೇಳುವುದನ್ನು ನೋಡಿರಬಹುದು.