ಆದವಾನಿ ಸೀಮೆಯಲ್ಲಿ ನಾಲ್ಕು ಬಿಡಾರ

ಮಂತ್ರಾಲಯಕ್ಕೆ ಹೋಗಿ ಬಂದವರು ಕಾಸರಗೋಡಿನ ಕನ್ನಡ ಮನೆಗಳಲ್ಲಿ ಬೇಕಾದಷ್ಟು ಮಂದಿ ಇದ್ದಾರೆ. ಆದರೆ ರಾಯರ ದರ್ಶನ ಮುಗಿಸಿ, ಆ ಕ್ಷೇತ್ರದ ಸುತ್ತಲಿನ ಸೀಮೆಯನ್ನೂ ನೋಡಿ ಬಂದವರು ವಿರಳ. ಕರ್ನೂಲು ಜಿಲ್ಲೆಯ ಪಶ್ಚಿಮದಂಚಿನ ಆದವಾನಿ, ಆಲೂರು, ಹಾಲಹರವಿ, ಹೊಳಗುಂದ, ಕೌತಾಳಂಗಳು ಆಂಧ್ರಪ್ರದೇಶಕ್ಕೆ ಸೇರಿದವು. ಅಲ್ಲಿನ ಸಂತೆಯಲ್ಲಿ ಕಿವಿಗೆ ಬೀಳುವ ಮಾತಿನಲ್ಲಿ ಮಾತ್ರ ಕನ್ನಡಕ್ಕೆ ಇಂದಿಗೂ ಪಾಲಿದೆ.

ಕಳೆದ ಕ್ರಿಸ್‌ಮಸ್ ರಜೆಯಲ್ಲಿ ನಾವು ಕೆಲವು ಅಧ್ಯಾಪಕ ಕುಟುಂಬಗಳು ಒಂದು ವ್ಯಾನು ಗೊತ್ತು ಮಾಡಿ, ಸ್ಟವ್ವು, ಪಾತ್ರೆ, ಚಾಪೆ, ಕುಚ್ಚಲಕ್ಕಿ ಸಮೇತ ಆ ಕಡೆಗೆ ಹೊರಟೆವು. ಚಾರ್ಮಾಡಿ ಘಾಟಿ ಹತ್ತಿ, ಚಿತ್ರದುರ್ಗದ ಮೇಲಾಗಿ ಬಳ್ಳಾರಿ ಸೇರಿ, ಮೊದಲ ರಾತ್ರಿ ಅಲ್ಲಿನ ಒಂದು ಛತ್ರದಲ್ಲಿ ಕಳೆದೆವು. ಮರುದಿನ ಬೆಳಿಗ್ಗೆ ಹಗರಿ ಹೊಳೆ ದಾಟಿ ಆಲೂರಿನ ಹಾದಿ ಹಿಡಿದಾಗ ಮಕ್ಕಳು ಕಿಟಕಿಯಿಂದ ತಲೆ ತೆಗೆಯಲಿಲ್ಲ. ತೆಂಗಿಲ್ಲ, ಕಂಗಿಲ್ಲ, ನೆರಳೆಂಬುದಿಲ್ಲ. ಕಣ್ಣು ಹಾಯುವಷ್ಟು ದೂರ ಕರಿಯ ಎರೆಮಣ್ಣು, ಅದರ ಮೇಲೆ ಬಿಳಿಯ ಹತ್ತಿ. ನಮ್ಮಲ್ಲಿ ವರ್ಷಕ್ಕೆ ಮೂರು ಸಾವಿರ ಮಿಲ್ಲಿಮೀಟರು ಮೀರಿ ಮಳೆ ಸುರಿದರೆ, ಅಲ್ಲಿಗೆ ಸಿಗುವುದು ಅದರ ಕಾಲು ಪಾಲಿಗಿಂತಲೂ ಕಡಿಮೆ. ಪಶ್ಚಿಮ ಘಟ್ಟಗಳು ಮೋಡದ ನೀರನ್ನೆಲ್ಲ ನಮ್ಮ ಕಡೆಗೇ ಇಳಿಸಿಬಿಡುವುದರ ಫಲವಿದು.

ಎರಡನೆಯ ಬಿಡಾರ ಆದವಾನಿ. ವಿಜಯನಗರದ ಅರಸರಿಗೆ ಬಲುಮುಖ್ಯವಾಗಿದ್ದ ದುರ್ಗವಿದು. 1688ರ ವೇಳೆಗೆ ಔರಂಗಜೇಬನ ಸೈನ್ಯದ ವಶವಾಯಿತು. 1800ರಲ್ಲಿ ನಿಜಾಮನಿಂದ ಈಸ್ಟ್ ಇಂಡಿಯಾ ಕಂಪೆನಿಗೆ ಹಸ್ತಾಂತರವಾಯಿತು. ಇಂದು ಊರಿನ ಹೆಸರು ನಿಂತಿರುವುದು ಹತ್ತಿಯ ಮಾರುಕಟ್ಟೆಯಿಂದ. ಅಲ್ಲಿ ಹತ್ತಿಯ ಮೂಟೆಗೆ ಒರಗಿ ಕುಳಿತಿದ್ದ ಮುದುಕರೊಬ್ಬರು ನಮ್ಮ ಮಾತು ಕೇಳಿ, “ಯಾ ಊರ್ರಿ ನಿಮ್ದು?” ಎಂದರು. ಕಾಸರಗೋಡು, ಕೇರಳ ಎಂದೆವು. “ಕೇರಳದಾಗ ಕನ್ನಡ ಹೆಂಗ ಮಾತಾಡ್ತೀರಿ?” ಎಂದು ಅವರಿಗೆ ಬೆರಗು. “ಆಂಧ್ರದಲ್ಲಿ ನೀವು ಹೇಗೆ ಮಾತಾಡುತ್ತೀರಿ ಅಜ್ಜ?” ಎಂದು ನಮ್ಮಲ್ಲೊಬ್ಬರು ಕೇಳಿದಾಗ ಅವರು ಬಾಯಿ ತುಂಬ ನಕ್ಕು, ಚಹಾ ಕುಡಿಸದೆ ಬಿಡಲಿಲ್ಲ.

ಆ ನಗೆಯ ಹಿಂದೆ ಒಂದು ಚರಿತ್ರೆಯಿದೆ. ದಕ್ಷಿಣ ಕನ್ನಡ ಮತ್ತು ಬಳ್ಳಾರಿ ಎರಡೂ ಹಿಂದೆ ಮದ್ರಾಸು ಪ್ರಾಂತದ ಜಿಲ್ಲೆಗಳು. 1953ರ ಅಕ್ಟೋಬರ್ 1ರಂದು ಆಂಧ್ರ ರಾಜ್ಯ ಹುಟ್ಟಿದಾಗ ಬಳ್ಳಾರಿ ಜಿಲ್ಲೆಯ ಆದವಾನಿ, ಆಲೂರು, ರಾಯದುರ್ಗ ತಾಲೂಕುಗಳು ಅದಕ್ಕೆ ಸೇರಿ, ಉಳಿದ ಭಾಗ ಮೈಸೂರಿಗೆ ಬಂತು. ಬಳ್ಳಾರಿಯನ್ನು ಉಳಿಸಿಕೊಂಡ ಹೋರಾಟದಲ್ಲಿ ಪ್ರಾಣ ತೆತ್ತ ರಂಜಾನ್ ಸಾಬ್ ಅವರನ್ನು ಆ ನಾಡು ಇನ್ನೂ ನೆನೆಯುತ್ತದೆ. ಮೂರು ವರ್ಷ ಕಳೆದು, 1956ರ ನವೆಂಬರ್ 1ರಂದು, ಕಾಸರಗೋಡು ಕೇರಳದ ಪಾಲಾಯಿತು. ಅವರಿಗೆ ಬಂದುದೇ ನಮಗೂ ಬಂತು. ಆದರೂ ಪರಸ್ಪರ ಗುರುತಿಲ್ಲದಷ್ಟು ದೂರ ಉಳಿದಿದ್ದೇವೆ.

ನಮಗೆ ರಜೆಯಾದರೂ ಅಲ್ಲಿ ಶಾಲೆ ನಡೆಯುತ್ತಿತ್ತು. ಹಳ್ಳಿಯೊಂದರ ಕನ್ನಡ ಮಾಧ್ಯಮದ ಸರಕಾರಿ ಶಾಲೆಗೆ ಹೋದೆವು. ಆಂಧ್ರ ಸರಕಾರವೇ ಅಚ್ಚು ಹಾಕಿಸಿದ ಕನ್ನಡ ಪಾಠಪುಸ್ತಕಗಳನ್ನು ನಮ್ಮ ಮಕ್ಕಳು ಕುತೂಹಲದಿಂದ ತಿರುವಿದರು. ಆದರೆ ಬೆಂಚುಗಳಲ್ಲಿ ಮಕ್ಕಳು ಕಡಿಮೆ. ಅಧ್ಯಾಪಕರು ಹಾಜರಿ ಪುಸ್ತಕ ತೆರೆದು ತೋರಿಸಿದರು: ಹೆಸರುಗಳಿವೆ, ಹಾಜರಿಯಿಲ್ಲ. ಮುಂಗಾರಿನ ಬೆಳೆ ಕೈಗೆ ಬಂದ ಮೇಲೆ ಎರೆಭೂಮಿಯಲ್ಲಿ ಕೂಲಿಯಿಲ್ಲ. ಮನೆಮಂದಿಯೆಲ್ಲ ಬೀಗ ಜಡಿದು ಗುಂಟೂರು ಕಡೆಗೆ ಮೆಣಸಿನಕಾಯಿ ಬಿಡಿಸಲು, ಇಲ್ಲವೆ ಬೆಂಗಳೂರಿಗೆ ಕಟ್ಟಡದ ಕೆಲಸಕ್ಕೆ ಹೋಗುತ್ತಾರೆ. ಮಕ್ಕಳು ಜೊತೆಗೇ ಹೋಗುತ್ತಾರೆ. ಎಷ್ಟೋ ಮಂದಿ ಮರಳುವುದು ವರ್ಷಾಂತ್ಯದ ಪರೀಕ್ಷೆಯ ಹೊತ್ತಿಗೆ. ಕೆಲವರು ಮರಳುವುದೇ ಇಲ್ಲ.

ಜೂನ್ ತಿಂಗಳು ಬಂದರೆ ಡಿವಿಜನ್ ಉಳಿಯುವುದೋ ಇಲ್ಲವೋ ಎಂದು ತಲೆ ಎಣಿಸುವ ಕಷ್ಟ ನಮಗೆ ಹೊಸತಲ್ಲ. ನಮ್ಮಲ್ಲಿ ಮಕ್ಕಳು ಇಂಗ್ಲಿಷ್ ಶಾಲೆಯ ಬಸ್ಸು ಹತ್ತಿ ಹೋಗುತ್ತಾರೆ. ಅಲ್ಲಿ ಹಸಿವೆಯ ಬಸ್ಸು ಹತ್ತಿ ಹೋಗುತ್ತಾರೆ. ಪ್ರಾಥಮಿಕ ಹಂತದಲ್ಲಿ ತಾಯ್ನುಡಿಯ ಶಿಕ್ಷಣಕ್ಕೆ ಸೌಕರ್ಯ ಒದಗಿಸಬೇಕೆಂದು 1956ರಲ್ಲಿ ಸಂವಿಧಾನಕ್ಕೆ ಸೇರಿದ 350ಎ ವಿಧಿ ಹೇಳುತ್ತದೆ. ಮಗುವೇ ಊರಲ್ಲಿಲ್ಲದಾಗ ಆ ವಿಧಿ ಯಾರಿಗೆ ಸೌಕರ್ಯ ಒದಗಿಸೀತು?

ಇದಕ್ಕೆ ಮದ್ದು ನೀರು. ತುಂಗಭದ್ರಾ ಅಣೆಕಟ್ಟಿನ ಕೆಳಮಟ್ಟದ ಕಾಲುವೆ ಈ ಸೀಮೆಯಲ್ಲಿ ಹಾದುಹೋಗುತ್ತದೆ. ಅಣೆಕಟ್ಟು ಕಟ್ಟಿದಾಗ 133 ಟಿ.ಎಂ.ಸಿ. ಹಿಡಿಯುತ್ತಿದ್ದ ಜಲಾಶಯ ಹೂಳು ತುಂಬಿ ಇಂದು ಸುಮಾರು 105ಕ್ಕೆ ಇಳಿದಿದೆ. ಸಾಲದೆಂಬಂತೆ 2024ರ ಆಗಸ್ಟಿನಲ್ಲಿ 19ನೆಯ ಗೇಟು ಕೊಚ್ಚಿಹೋಯಿತು. ಇಂತಹ ಕೊರತೆಯ ಬಿಸಿ ಮೊದಲು ತಾಗುವುದು ಕಾಲುವೆಯ ಬಾಲದ ಊರುಗಳಿಗೆ. ಆ ಕಾಲುವೆಯ ದಂಡೆಯಲ್ಲೇ ನಾವು ಮಧ್ಯಾಹ್ನದ ಗಂಜಿ ಬೇಯಿಸಿದೆವು. ಹೊಲದ ಹೆಂಗಸರು ನಮ್ಮ ಕೆಂಪನ್ನವನ್ನು ನೋಡಿ ನಕ್ಕು, ತಮ್ಮ ಬುತ್ತಿಯ ಜೋಳದ ರೊಟ್ಟಿ ಕೊಟ್ಟರು.

ಮೂರನೆಯ ರಾತ್ರಿ ಉರುಕುಂದ ಈರಣ್ಣನ ಸನ್ನಿಧಿಯಲ್ಲಿ. ಶ್ರಾವಣದಲ್ಲಿ ಬಳ್ಳಾರಿ, ರಾಯಚೂರು ಕಡೆಯ ಭಕ್ತರು ಸಾಗರದಂತೆ ಸೇರುವ ಈ ಸ್ಥಳ ಪುಷ್ಯದ ಚಳಿಯಲ್ಲಿ ಶಾಂತವಾಗಿತ್ತು. ನಾಲ್ಕನೆಯದು ಮಂತ್ರಾಲಯ. 2009ರ ಅಕ್ಟೋಬರಿನ ನೆರೆಯಲ್ಲಿ ಊರನ್ನೇ ಮುಳುಗಿಸಿದ ತುಂಗಭದ್ರೆ, ನಾವು ಕಂಡಾಗ ಬಂಡೆಗಳ ನಡುವೆ ತೆಳ್ಳಗೆ ಹರಿಯುತ್ತಿದ್ದಳು.

ಮಂತ್ರಾಲಯಕ್ಕೆ ಹೊರಡುವ ಓದುಗರಲ್ಲಿ ನಮ್ಮದೊಂದು ವಿನಂತಿ. ಒಂದು ದಿನ ಹೆಚ್ಚಿಗೆ ಇಟ್ಟುಕೊಂಡು ಆದವಾನಿಯಲ್ಲಿ ಇಳಿಯಿರಿ. ಡಿಸೆಂಬರ್, ಜನವರಿ ಉತ್ತಮ. ಏಪ್ರಿಲ್, ಮೇ ತಿಂಗಳ ಬಿಸಿಲು ನಮ್ಮವರಿಗೆ ಹೇಳಿಸಿದ್ದಲ್ಲ. ಕುಡಿಯುವ ನೀರು ಕೈಯಲ್ಲಿರಲಿ. ಮಕ್ಕಳು ಓದಿ ಮುಗಿಸಿದ ಕನ್ನಡ ಕಥೆಪುಸ್ತಕಗಳು ಮನೆಯಲ್ಲಿದ್ದರೆ ಒಂದು ಕಟ್ಟು ಒಯ್ದು, ದಾರಿಯಲ್ಲಿ ಸಿಗುವ ಕನ್ನಡ ಶಾಲೆಗೆ ಕೊಡಿ. ನಾವು ಒಯ್ದದ್ದು ಹನ್ನೆರಡು; ನಾವು ಹೊರಡುವ ಮೊದಲೇ ಹನ್ನೆರಡೂ ಮಕ್ಕಳ ಕೈಸೇರಿದ್ದವು.