ಮಳೆಗಾಲದ ಕೊನೆಗೆ ನೇಪಾಳ ಯಾತ್ರೆ

ನವರಾತ್ರಿ ಹತ್ತಿರವಾಯಿತೆಂದರೆ ನಮ್ಮ ವಾಚನಾಲಯದ ಭೂಪಟದ ಮುಂದೆ ನಾಲ್ಕು ಜನ ನಿಂತಿರುವುದು ವಾಡಿಕೆ. ಕಾಶಿ, ಗಯೆಗಳನ್ನು ಮುಟ್ಟಿದ ಬೆರಳು ತಾನಾಗಿಯೇ ನೇಪಾಳದ ಕಡೆಗೆ ಏರುತ್ತದೆ. "ಮಕ್ಕಳಿಗೆ ರಜೆ, ಪಶುಪತಿನಾಥನ ದರ್ಶನವೂ ಆದೀತು, ಹಿಮಾಲಯವನ್ನೂ ನೋಡಿ ಬಂದೇವು. ಅಷ್ಟು ಹೊತ್ತಿಗೆ ಮಳೆ ನಿಂತಿರುತ್ತದಲ್ಲವೆ?" ಎಂದು ಕೇಳುತ್ತಾರೆ. ಹೋಗಬೇಡಿರೆಂದು ನಾವು ಹೇಳತಕ್ಕವರಲ್ಲ. ಆದರೆ ಮಳೆ ನಿಂತಿರುತ್ತದೆಂಬ ಆ ಮಾತನ್ನು ಮಾತ್ರ ಸ್ವಲ್ಪ ವಿಚಾರಿಸಿ ನೋಡಬೇಕಾಗಿದೆ.

ಮುಂಗಾರು ನೇಪಾಳವನ್ನು ಪೂರ್ವದ ಕಡೆಯಿಂದ ಜೂನ್ 13ರ ಸುಮಾರಿಗೆ ಪ್ರವೇಶಿಸಿ, ಅಕ್ಟೋಬರ್ 2ರ ಸುಮಾರಿಗೆ ಹಿಂದೆಗೆಯುತ್ತದೆ. ವರ್ಷದ ಮಳೆಯಲ್ಲಿ ಹೆಚ್ಚುಕಡಿಮೆ ಐದರಲ್ಲಿ ನಾಲ್ಕು ಪಾಲು ಈ ಅವಧಿಯಲ್ಲಿಯೇ ಬೀಳುತ್ತದೆ. ಅದು ಮುಗಿದೊಡನೆ ಆ ದೇಶಕ್ಕೆ ಒಂದು ಹೊಸ ಕಳೆ ಬರುವುದು ನಿಜ. ಮಳೆ ತೊಳೆದ ಗಾಳಿಯಲ್ಲಿ ಧೂಳಿಲ್ಲ. ಪೋಖರಾದ ಫೇವಾ ಸರೋವರದ ದಡದಲ್ಲಿ ಬೆಳಗಿನ ಆರು ಗಂಟೆಗೆ ನಿಂತರೆ ಮೀನಿನ ಬಾಲದಂತಿರುವ ಮಚ್ಛಪುಚ್ಛ್ರೆ ಶಿಖರ ಕೈಗೆ ಸಿಕ್ಕುವಷ್ಟು ಹತ್ತಿರ ತೋರುತ್ತದೆ. ಅದರ ಎತ್ತರ 6,993 ಮೀಟರ್. ನಾವು ನಿಂತ ನೆಲ ಸುಮಾರು 800 ಮೀಟರ್. ನಡುವಣ ಆರು ಸಾವಿರ ಮೀಟರನ್ನು ಕಣ್ಣು ಒಂದೇ ಸಲಕ್ಕೆ ಹತ್ತುವುದಿದೆಯಲ್ಲ, ಅದನ್ನು ಬರೆದು ತಿಳಿಸುವುದು ಕಷ್ಟ.

ಆದರೆ ಅಕ್ಟೋಬರ್ 2 ಎಂಬುದು ಹಲವಾರು ವರ್ಷಗಳ ಸರಾಸರಿಯೇ ಹೊರತು ಮೋಡಗಳಿಗೆ ಹೊರಡಿಸಿದ ಆಜ್ಞೆಯಲ್ಲ. ಮುಂಬಯಿಗೂ ಇಂತಹದೊಂದು ತಾರೀಖು ಉಂಟು, ಅಕ್ಟೋಬರ್ 8. ಅದನ್ನು ನಂಬಿ ಛತ್ರಿಯನ್ನು ಅಟ್ಟಕ್ಕೆ ಹಾಕಿದವರ ಪಾಡು ನಮಗೆ ಗೊತ್ತೇ ಇದೆ. ಇಲ್ಲಿ ತಾರೀಖು ತಪ್ಪಿದರೆ ಬಟ್ಟೆ ನೆನೆಯುತ್ತದೆ, ಅಲ್ಲಿ ಗುಡ್ಡ ಜಾರುತ್ತದೆ. ಮೂರೂವರೆ ತಿಂಗಳು ನೀರು ಕುಡಿದ ಮಣ್ಣು ಸೆಪ್ಟೆಂಬರ್ ಕೊನೆಗೆ ಇನ್ನು ಹನಿಯನ್ನೂ ತಾಳಲಾರದ ಸ್ಥಿತಿಯಲ್ಲಿರುತ್ತದೆ. ಆಷಾಢದ ದೊಡ್ಡ ಮಳೆಗೆ ಜಗ್ಗದ ಇಳುಕಲು ಆಶ್ವಯುಜದ ಒಂದು ರಾತ್ರಿಯ ಮಳೆಗೆ ಕುಸಿಯುವುದು ಇದರಿಂದಲೇ.

ಇನ್ನೊಂದು ಕಾರಣ ಬಂಗಾಳ ಕೊಲ್ಲಿಯಲ್ಲಿದೆ. ಅಲ್ಲಿ ಚಂಡಮಾರುತಗಳೇಳುವ ಕಾಲವೂ ಇದೇ. 2014ರ ಅಕ್ಟೋಬರ್ 12ರಂದು ವಿಶಾಖಪಟ್ಟಣಕ್ಕೆ ಬಡಿದ ಹುದ್‌ಹುದ್ ಚಂಡಮಾರುತದ ಉಳಿಕೆ ಎರಡೇ ದಿನಗಳಲ್ಲಿ ಹಿಮಾಲಯವನ್ನು ಮುಟ್ಟಿ, ಅನ್ನಪೂರ್ಣಾ ಸೀಮೆಯ ಥೊರಾಂಗ್ ಕಣಿವೆಯಲ್ಲಿ ಹಿಮವಾಗಿ ಸುರಿಯಿತು. 5,416 ಮೀಟರ್ ಎತ್ತರದ ಆ ದಾರಿಯಲ್ಲೂ ಸುತ್ತಮುತ್ತಲೂ ನಲವತ್ತಕ್ಕೂ ಹೆಚ್ಚು ಮಂದಿ ಮಡಿದರು. 2021ರಲ್ಲಿ ಅಕ್ಟೋಬರ್ ಮೂರನೆಯ ವಾರದ ಮಳೆ ಕೊಯ್ದು ಹಾಸಿದ್ದ ಬತ್ತವನ್ನು ಗದ್ದೆಯಲ್ಲಿಯೇ ಮುಳುಗಿಸಿತು.

2024ರ ಸಂಗತಿಯನ್ನು ನಾವೇ ಕಂಡಿದ್ದೇವೆ. ದಸರೆಯ ನೂಕುನುಗ್ಗಲು ತಪ್ಪಲೆಂದು ಜಾಣತನ ಮಾಡಿ ನಮ್ಮ ಮೂರು ಸಂಸಾರಗಳು ಸೆಪ್ಟೆಂಬರ್ ಕೊನೆಯ ವಾರದಲ್ಲಿಯೇ ಹೊರಟಿದ್ದೆವು. 27ರ ರಾತ್ರಿ ಪೋಖರಾದಿಂದ ಕಠ್ಮಂಡುವಿಗೆ ಬಸ್ಸು ಹಿಡಿಯತಕ್ಕದ್ದು, 30ರಂದು ಅಲ್ಲಿಂದ ವಿಮಾನ. ಸಂಜೆಯ ಮಳೆಯನ್ನು ನೋಡಿ, ನಾವು ಇಳಿದುಕೊಂಡಿದ್ದ ಮನೆಯ ಯಜಮಾನಿತಿ "ಇವೊತ್ತು ರಾತ್ರಿ ಹೋಗಬೇಡಿ" ಎಂದಳು. ನಮ್ಮಲ್ಲಿನ ಹಿರಿಯರೊಬ್ಬರಿಗೆ ಸಿಟ್ಟೇ ಬಂತು; "ಟಿಕೇಟಿನ ಹಣವನ್ನು ಅವಳು ಕೊಡುತ್ತಾಳೇನು?" ಎಂದರು. ಹೆಂಗಸರು ಮಾತ್ರ ಗಂಟುಮೂಟೆಯನ್ನು ಎತ್ತಲಿಲ್ಲ, ಆದ್ದರಿಂದ ಉಳಿದೆವು. ಆ ರಾತ್ರಿ, ಮರುಬೆಳಗು ಕಠ್ಮಂಡುವಿನ ವಿಮಾನ ನಿಲ್ದಾಣದಲ್ಲಿ ಸುಮಾರು 240 ಮಿಲಿಮೀಟರ್ ಮಳೆಯಾಯಿತು. ರಾಜಧಾನಿಗೆ ಹೋಗುವ ಹೆದ್ದಾರಿಗಳೆಲ್ಲ ಕಡಿದವು. ನಾವು ಹೋಗಬೇಕಾಗಿದ್ದ ಹೆದ್ದಾರಿಯಲ್ಲಿಯೇ, ಝ್ಯಾಪ್ಲೆ ಖೋಲಾ ಎಂಬಲ್ಲಿ, ದಾರಿ ತೆರೆಯಲೆಂದು ಸಾಲಾಗಿ ಕಾದು ನಿಂತಿದ್ದ ವಾಹನಗಳ ಮೇಲೆ ಗುಡ್ಡ ಕುಸಿದು ಮೂವತ್ತಕ್ಕೂ ಹೆಚ್ಚು ಜನ ಸತ್ತರು. ದೇಶದಲ್ಲೆಲ್ಲ ಸತ್ತವರು ಇನ್ನೂರಕ್ಕೂ ಮಿಕ್ಕಿದರು. ನಮ್ಮ ವಿಮಾನದ ಹಣ ಹೋಯಿತು. ಹಿರಿಯರು ಆಮೇಲೆ ಆ ಹಣದ ಮಾತೆತ್ತಲಿಲ್ಲ.

ಆದುದರಿಂದ, ವಯಸ್ಸಾದವರನ್ನೂ ಮಕ್ಕಳನ್ನೂ ಕರೆದುಕೊಂಡು ಹೋಗತಕ್ಕವರು ದೀಪಾವಳಿ ಕಳೆದ ಮೇಲೆ, ನವೆಂಬರಿನಲ್ಲಿ ಹೊರಡುವುದು ಲೇಸೆಂದು ನಮ್ಮ ಅಭಿಪ್ರಾಯ. ಚಳಿ ಸ್ವಲ್ಪ ಹೆಚ್ಚು, ಚಿಂತೆ ಬಹಳ ಕಡಿಮೆ. ನವರಾತ್ರಿಯ ರಜೆ ಬಿಟ್ಟರೆ ಬೇರೆ ರಜೆಯೇ ಇಲ್ಲವೆಂಬವರು ಕಠ್ಮಂಡು, ಪೋಖರಾಗಳಿಗೆ ತೃಪ್ತಿಪಡಬೇಕು. ಬೆಟ್ಟದ ರಸ್ತೆಯಲ್ಲಿ ರಾತ್ರಿ ಬಸ್ಸನ್ನು ಹತ್ತಲೇಬಾರದು. ಹಿಂದಿರುಗುವ ಟಿಕೇಟಿಗೆ ಮುಂಚೆ ಎರಡು ದಿನ ಏನೂ ಕೆಲಸವಿಲ್ಲದೆ ಖಾಲಿ ಬಿಟ್ಟಿರಬೇಕು. ನಮ್ಮ ದಸರೆಯೇ ಅವರ ದಶೈನ್. ಅದಕ್ಕೆ ಕಠ್ಮಂಡುವಿನ ಅರ್ಧ ಊರು ಹಳ್ಳಿಗಳಿಗೆ ಹೊರಡುವುದರಿಂದ ಸಪ್ತಮಿಗೆ ಮೊದಲು ಬಸ್ಸಿನಲ್ಲಿ ಜಾಗ ಸಿಕ್ಕುವುದಿಲ್ಲ, ಅಷ್ಟಮಿಯ ಮೇಲೆ ಅಂಗಡಿ ತೆರೆದಿರುವುದಿಲ್ಲ. ಕಾಡುದಾರಿಯಲ್ಲಿ ನಡೆಯಬೇಕೆಂಬ ಹುರುಪಿನವರಿಗೆ ಇನ್ನೊಂದು ಮಾತು: ಸೆಪ್ಟೆಂಬರಿನಲ್ಲಿ ಅಲ್ಲಿಯೂ ಇಂಬಳಗಳುಂಟು. ಮಲೆನಾಡಿನವರಿಗೆ ವಿವರಿಸಬೇಕಾದುದಿಲ್ಲ.

ಮುಕ್ತಿನಾಥದ ವಿಷಯವನ್ನು ಬೇರೆಯಾಗಿಯೇ ಹೇಳಬೇಕು. ನಮ್ಮ ಅನೇಕ ಮನೆಗಳ ದೇವರ ಪೆಟ್ಟಿಗೆಯಲ್ಲಿರುವ ಸಾಲಿಗ್ರಾಮಗಳು ಆ ದಾರಿಯ ಕಾಳಿಗಂಡಕಿಯಲ್ಲಿ ಸಿಕ್ಕುವಂಥವು. ಹಿಮಾಲಯ ಏಳುವ ಮೊದಲು ಅಲ್ಲಿದ್ದ ಸಮುದ್ರದ ಜೀವಿಗಳು ಕಲ್ಲಾಗಿ ಉಳಿದ ಗುರುತು ಅವು. ದೇವಸ್ಥಾನವಿರುವುದು 3,700 ಮೀಟರಿಗೂ ಮೇಲೆ. ಈಗ ಪೋಖರಾದಿಂದ ಜೀಪು ಹೋಗುತ್ತದೆ, ಅದೇ ತೊಡಕು. ಒಂದೇ ದಿನದಲ್ಲಿ ಅಷ್ಟು ಏರಿದರೆ ತಲೆನೋವು, ವಾಕರಿಕೆ, ಉಬ್ಬಸ ಬರಬಹುದು. ನಡುವೆ ಜೋಮ್‌ಸೋಮ್‌ನಲ್ಲಿ ಒಂದು ರಾತ್ರಿಯಾದರೂ ತಂಗಬೇಕು. ತೊಂದರೆ ಕಂಡರೆ ದರ್ಶನವಾಗಲಿಲ್ಲವೆಂದು ಹಟ ಹಿಡಿಯದೆ ಕೆಳಗೆ ಇಳಿಯಬೇಕು, ಅದಕ್ಕಿಂತ ಮೇಲಾದ ಮದ್ದಿಲ್ಲ. ಜೋಮ್‌ಸೋಮ್‌ಗೆ ಸಣ್ಣ ವಿಮಾನವೂ ಉಂಟು. ಆದರೆ ಹಗಲೇರಿದಂತೆ ಆ ಕಣಿವೆಯಲ್ಲಿ ಗಾಳಿ ಭೋರೆಂದು ಬೀಸುವುದರಿಂದ ವಿಮಾನಗಳು ಬೆಳಗಿನಲ್ಲಿಯೇ ಹಾರಿ ಮುಗಿಸುತ್ತವೆ.

ನಮಗೆ ವೀಸಾ ಬೇಕಿಲ್ಲ. ಪಾಸ್‌ಪೋರ್ಟ್ ಅಥವಾ ಚುನಾವಣಾ ಆಯೋಗದ ಗುರುತಿನ ಚೀಟಿ ಇರಲಿ. ನಮ್ಮ ನೂರು ರೂಪಾಯಿಗೆ ಅಲ್ಲಿಯ ನೂರ ಅರವತ್ತು. 1993ರಿಂದ ಈ ದರ ಬದಲಾಗಿಲ್ಲ. ದೊಡ್ಡ ನೋಟುಗಳ ನಿಯಮ ಆಗಾಗ್ಗೆ ಬದಲಾಗಿರುವುದರಿಂದ ನೂರರ ನೋಟುಗಳನ್ನೇ ಒಯ್ಯುವುದು ಕ್ಷೇಮ. ಪಶುಪತಿನಾಥನ ಪೂಜೆಯ ಭಟ್ಟರು ಬಹುಕಾಲದ ಸಂಪ್ರದಾಯದಂತೆ ದಕ್ಷಿಣದವರು, ಕರ್ನಾಟಕದಿಂದ ಹೋದವರೂ ಅವರಲ್ಲಿದ್ದಾರೆ. ಗರ್ಭಗುಡಿಯ ಬಾಗಿಲಲ್ಲಿ ಕನ್ನಡದ ಮಾತೊಂದು ಕಿವಿಗೆ ಬಿದ್ದರೆ ಬೆರಗಾಗಬೇಡಿ.

ಗಡಿ ದಾಟಿದೊಡನೆ ಗಡಿಯಾರವನ್ನು ಕಾಲು ಗಂಟೆ ಮುಂದಕ್ಕೆ ತಿರುಗಿಸಿಕೊಳ್ಳಿ. ಮರುವರ್ಷ ನವೆಂಬರಿನಲ್ಲಿ ನಾವು ಪುನಃ ಹೋದಾಗ ಆಕಾಶ ನಿರ್ಮಲವಾಗಿತ್ತು, ರಸ್ತೆ ತೆರೆದಿತ್ತು, ಎರಡು ಖಾಲಿ ದಿನಗಳೂ ಕೈಯಲ್ಲಿದ್ದವು. ಆ ಕಾಲು ಗಂಟೆಯನ್ನು ಮರೆತು ಜೋಮ್‌ಸೋಮ್‌ನ ವಿಮಾನವನ್ನು ತಪ್ಪಿಸಿಕೊಂಡೆವು. ಖಾಲಿ ದಿನಗಳಲ್ಲಿ ಒಂದು ಹಾಗೆ ಖರ್ಚಾಯಿತು.